ಬಿಲ್ಲಿಗೆ ಬಗ್ಗದ ಡಾಪಾ, ಬ್ರೌನ್ಸ್‌ವಿಲ್ ಕೋರ್ಟಿಗೆ ಬಗ್ಗಿತು: ಒಂದು ಪ್ರಕರಣ ಅಧ್ಯಯನ

2014 ನವೆಂಬರ್ 20, ಗುರುವಾರ ರಾತ್ರಿ 8 ಗಂಟೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಬಾಡಿಗೆ ಮನೇಲಿ ನಾನು, ನನ್ ಹೆಂಡ್ತಿ, ಮೇಲಿನ ಮನೆಯ ದಾವಣಗೆರೆ ದಂಪತಿ ಎಲ್ಲಾ ಟಿವಿ ಮುಂದೆ ಕೂತಿದ್ವಿ, ಒಬಾಮಾ ವಲಸೆ ಬಗ್ಗೆ ಏನೋ ದೊಡ್ಡದು ಹೇಳ್ತಾರಂತೆ ಅಂತ. ತಮಾಷೆ ನೋಡಿ, ಎಬಿಸಿ, ಎನ್‌ಬಿಸಿ, ಸಿಬಿಎಸ್ ಮೂರೂ ಲೈವ್ ತೋರಿಸ್ಲಿಲ್ಲ, ಸ್ಪ್ಯಾನಿಷ್ ಚಾನೆಲ್ ಯೂನಿವಿಷನ್ ಮಾತ್ರ ಲ್ಯಾಟಿನ್ ಗ್ರ್ಯಾಮಿ ಪ್ರೋಗ್ರಾಮನ್ನೇ ಹಿಂದಕ್ಕೆ ಹಾಕಿ ಭಾಷಣ ತೋರಿಸ್ತು. ಯಾರಿಗೆ ಹೇಳೋ ಮಾತು ಇದು ಅಂತ ಅಲ್ಲೇ ಗೊತ್ತಾಗ್ಬೇಕಿತ್ತು.

ನಾವು ಕಾಯ್ತಿದ್ದಿದ್ದು ಎಚ್-4 ವಿಷ್ಯಕ್ಕೆ. ಗಂಡಂಗೆ ಎಚ್-1ಬಿ ಅನ್ನೋ ಕೆಲ್ಸದ ವೀಸಾ ಇದ್ರೆ ಹೆಂಡ್ತಿಗೆ ಎಚ್-4 ವೀಸಾ, ಆಗ ಅದ್ರಲ್ಲಿ ಕೆಲ್ಸ ಮಾಡೋ ಹಾಗಿರ್ಲಿಲ್ಲ, ಬಿಇ ಮುಗಿಸಿ ಬೆಂಗ್ಳೂರಲ್ಲಿ ನಾಲ್ಕೈದು ವರ್ಷ ದುಡಿದು ಬಂದೋಳು ಇಲ್ಲಿ ಬಂದು ಸುಮ್ನೆ ಮನೇಲಿ ಕೂರ್ಬೇಕಿತ್ತು. ಹದಿನೈದು ನಿಮಿಷದ ಭಾಷಣದಲ್ಲಿ ನಮ್ಮಂಥ ಓದಿರೋ ವಲಸಿಗರ ಪಾಲಿಗೆ ಬಂದಿದ್ದು ಒಂದೇ ಸಾಲು, ಅದ್ರಲ್ಲೂ ಎಚ್-4 ಅನ್ನೋ ಶಬ್ದ ಇಲ್ಲ. ಮಿಕ್ಕಿದ್ದೆಲ್ಲಾ ದಾಖಲೆ ಇಲ್ದೆ ಇರೋ ಲಕ್ಷಾಂತರ ಜನರ ಬಗ್ಗೆ, ಅವ್ರನ್ನ ಗಡಿಪಾರಿನಿಂದ ಉಳಿಸೋ, ಡಾಪಾ ಅಂತ ಹೆಸರಾದ ಸ್ಕೀಮಿನ ಬಗ್ಗೆ. ಬೇಜಾರಾಗಿ ಟಿವಿ ಆರ್ಸಿದ್ವಿ. ಆಮೇಲಿನ ಆರು ತಿಂಗ್ಳಲ್ಲಿ ಆಗಿದ್ದು ನೋಡಿದ್ರೆ, ಆ ರಾತ್ರಿ ಸಂಭ್ರಮ ಪಟ್ಟೋರಿಗೂ ಬೇಜಾರ್ ಮಾಡ್ಕೊಂಡ ನಮ್ಗೂ ಅದಲು ಬದಲಾಗಿ ಹೋಯ್ತು. ಅದು ಹೇಗೆ ಅನ್ನೋದೇ ಈ ಕೇಸು.

ಮೊದ್ಲು ಅವ್ರು ಘೋಷಣೆ ಮಾಡಿದ್ದೇನು ಅಂತ ಹೇಳ್ಬಿಡ್ತೀನಿ. ಆಗ ಅಮೆರಿಕದಲ್ಲಿ ಕಾಗದ ಪತ್ರ ಇಲ್ದೆ ಇರೋರು ಸುಮಾರು 1.1 ಕೋಟಿ ಅಂತ ಅಂದಾಜು. ಅವ್ರಲ್ಲಿ ಯಾರ ಮಗುವಿಗೆ ಅಮೆರಿಕನ್ ಪೌರತ್ವ ಅಥ್ವಾ ಗ್ರೀನ್ ಕಾರ್ಡ್ ಇದೆಯೋ, ಯಾರು 2010ರ ಜನವರಿ 1ರಿಂದ ಇಲ್ಲೇ ಇದಾರೋ, ಯಾರ ಮೇಲೆ ದೊಡ್ಡ ಕ್ರಿಮಿನಲ್ ಕೇಸ್ ಇಲ್ವೋ, ಅಂಥ ತಂದೆ ತಾಯಂದ್ರು ಹೆಸ್ರು ನೋಂದಾಯಿಸಿ ಬೆರಳಚ್ಚು ಕೊಟ್ರೆ ಮೂರು ವರ್ಷ ಗಡಿಪಾರು ಮಾಡಲ್ಲ, ಕೆಲ್ಸದ ಪರ್ಮಿಟ್ಟೂ ಕೊಡ್ತೀವಿ. ಇದೇ ಡಾಪಾ. ಜೊತೆಗೆ 2012ರ ಜೂನ್ 15ಕ್ಕೆ ಶುರುವಾಗಿದ್ದ ಡಾಕಾ, ಅಂದ್ರೆ ಹದಿನಾರರೊಳಗೆ ಇಲ್ಲಿಗೆ ಬಂದ ಮಕ್ಕಳಿಗೆ ಇದ್ದ ಸ್ಕೀಮು, ಅದನ್ನೂ ಹಿಗ್ಗಿಸಿದ್ರು: 31 ವರ್ಷದ ಮಿತಿ ತೆಗೆದ್ರು, ಎರಡು ವರ್ಷದ ಪರ್ಮಿಟ್ ಮೂರು ವರ್ಷ ಮಾಡಿದ್ರು. ಎರಡೂ ಸೇರಿ 40-50 ಲಕ್ಷ ಜನಕ್ಕೆ ಅನ್ವಯ ಆಗತ್ತೆ ಅಂತ ಲೆಕ್ಕ. ಇಷ್ಟು ದೊಡ್ಡ ಕೆಲ್ಸಕ್ಕೆ ಇದ್ದ ಆಧಾರ ಅಂದ್ರೆ ಗಡಿ, ವಲಸೆ ನೋಡ್ಕೊಳ್ಳೋ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಕಾರ್ಯದರ್ಶಿ ಜೆ ಜಾನ್ಸನ್ ಸಹಿ ಹಾಕಿದ ಒಂದು ಮೆಮೊ. ಕಾಯ್ದೆ ಇಲ್ಲ, ಗೆಜೆಟ್ ನಿಯಮನೂ ಇಲ್ಲ, ಬರೀ ಮೆಮೊ.

ವಿರೋಧಿಗಳು ಇದಕ್ಕೆ ಇಟ್ಟ ಹೆಸ್ರು ಆಮ್ನೆಸ್ಟಿ, ಅಂದ್ರೆ ಸಾಮೂಹಿಕ ಕ್ಷಮಾದಾನ. ನಮ್ಮೂರಲ್ಲಾದ್ರೆ ಅಕ್ರಮ-ಸಕ್ರಮ ಅಂತಿದ್ರು. ಆದ್ರೆ ಅಷ್ಟೂ ಅಲ್ಲ ಇದು, ಅಕ್ರಮ-ಸಕ್ರಮದಲ್ಲಿ ದಂಡ ಕಟ್ಟಿದ್ರೆ ಕೈಗೆ ಸಕ್ರಮದ ಪತ್ರ ಬರತ್ತೆ, ಇಲ್ಲಿ ಬರೋದು "ಮೂರು ವರ್ಷ ಬುಲ್ಡೋಜರ್ ತರಲ್ಲ, ಅಲ್ಲಿ ತನಕ ಅಂಗಡಿ ನಡೆಸ್ಕೊ" ಅನ್ನೋ ಚೀಟಿ ಅಷ್ಟೇ, ನಾಳೆ ಬೇರೆ ಅಧ್ಯಕ್ಷ ಬಂದು ಹರಿದು ಹಾಕ್ಬೋದು. ನಿಜವಾದ ಆಮ್ನೆಸ್ಟಿ ಆಗಿದ್ದು 1986ರಲ್ಲಿ, ರೇಗನ್ ಕಾಲದಲ್ಲಿ, ಸುಮಾರು 27 ಲಕ್ಷ ಜನಕ್ಕೆ ಕಾನೂನುಬದ್ಧ ವಾಸ ಸಿಕ್ತು, ಅದನ್ನ ಕಾಂಗ್ರೆಸ್ಸೇ, ಅಂದ್ರೆ ಅಮೆರಿಕದ ಸಂಸತ್ತೇ, ಕಾಯ್ದೆ ಮಾಡಿ ಕೊಟ್ಟಿತ್ತು.

2014ರಲ್ಲಿ ಯಾಕೆ ಕಾಯ್ದೆ ಆಗ್ಲಿಲ್ಲ? ಆಗೋದ್ರಲ್ಲಿತ್ತು. 2013 ಜೂನ್ 27ಕ್ಕೆ ಮೇಲ್ಮನೆ ಸೆನೆಟ್ 68-32 ಮತಗಳಿಂದ ಎಸ್ 744 ಅನ್ನೋ ದೊಡ್ಡ ವಲಸೆ ಬಿಲ್ ಪಾಸ್ ಮಾಡಿತ್ತು, ಎರಡೂ ಪಾರ್ಟಿಯ ಎಂಟು ಸೆನೆಟರ್‌ಗಳು ಕೂತು ಬರೆದಿದ್ದು, ಮೆಕೇನ್, ಶೂಮರ್, ರುಬಿಯೊ ಎಲ್ಲಾ ಇದ್ರು ಅದ್ರಲ್ಲಿ. ಗಡಿಗೆ ಕಾವಲೂ ಇತ್ತು, ಪೌರತ್ವದ ದಾರಿಯೂ ಇತ್ತು. ರಿಪಬ್ಲಿಕನ್ನರ ಕೈಲಿದ್ದ ಕೆಳಮನೆ ಹೌಸ್‌ನಲ್ಲಿ ಸ್ಪೀಕರ್ ಜಾನ್ ಬೇನರ್ ಅದನ್ನ ಮತಕ್ಕೇ ಹಾಕ್ಲಿಲ್ಲ. 2014ರ ಜೂನಲ್ಲಿ ಅವ್ರ ನಂಬರ್ ಟೂ ಎರಿಕ್ ಕ್ಯಾಂಟರ್ ತಮ್ಮ ಕ್ಷೇತ್ರದ ಪ್ರೈಮರಿಲೇ, ಅಂದ್ರೆ ಪಾರ್ಟಿ ಒಳಗೆ ಅಭ್ಯರ್ಥಿ ಆರಿಸೋ ಚುನಾವಣೇಲೇ ಸೋತ್ರು, ವಲಸೆ ಬಗ್ಗೆ ಮೆತ್ತಗಿದ್ದಾರೆ ಅನ್ನೋದೇ ಅವ್ರ ಮೇಲಿದ್ದ ದೊಡ್ಡ ಆರೋಪ, ಆಮೇಲೆ ಆ ಬಿಲ್ ಮುಟ್ಟೋ ಧೈರ್ಯ ಯಾರಿಗೂ ಬರ್ಲಿಲ್ಲ. ಅದೇ ಬೇಸಿಗೇಲಿ ಮಧ್ಯ ಅಮೆರಿಕದಿಂದ ಒಂಟಿ ಮಕ್ಕಳು ಗಡಿಗೆ ಬಂದು ಬಂದು ತುಂಬಿದ್ರು, ಆ ಹಣಕಾಸು ವರ್ಷದಲ್ಲಿ 68 ಸಾವಿರಕ್ಕೂ ಹೆಚ್ಚು. ಹೌಸ್ ರಿಪಬ್ಲಿಕನ್ನರು ಇದಕ್ಕೆಲ್ಲಾ ಡಾಕಾನೇ ಕಾರಣ ಅಂತ ಆಗಸ್ಟ್ 1ಕ್ಕೆ ಡಾಕಾ ಮುಂದುವರಿಸಬಾರದು ಅನ್ನೋ ಬಿಲ್ಲನ್ನ 216-192ರಲ್ಲಿ ಪಾಸ್ ಮಾಡಿದ್ರು. ಸೆನೆಟ್ ಆಗ ಒಬಾಮಾರ ಡೆಮೊಕ್ರಾಟ್ ಪಾರ್ಟಿ ಕೈಲಿತ್ತು, ಅಲ್ಲಿಗೆ ಅದು ಮುಗೀತು.

ಒಬಾಮಾ ತಾವೇ ಹಿಂದೆ ಎಷ್ಟೋ ಸಲ "ನಾನು ರಾಜ ಅಲ್ಲ, ಕಾಂಗ್ರೆಸ್ ಇಲ್ದೆ ನಾನೊಬ್ನೇ ಮಾಡೋಕಾಗಲ್ಲ" ಅನ್ನೋ ಅರ್ಥದಲ್ಲಿ ಹೇಳಿದ್ರು. ಆದ್ರೂ ನವೆಂಬರ್ ಚುನಾವಣೇಲಿ ಸೆನೆಟ್ಟೂ ಕೈಬಿಟ್ಟ ಮೇಲೆ ಎರಡೇ ವಾರದಲ್ಲಿ ಡಾಪಾ ತಂದ್ರು. ಭಾಷಣದಲ್ಲಿ ತನ್ನ ಅಧಿಕಾರ ಪ್ರಶ್ನೆ ಮಾಡೋ ಸಂಸದರಿಗೆ ಒಂದೇ ಉತ್ತರ ಅಂತ ಹೇಳಿದ್ದು: ಬಿಲ್ ಪಾಸ್ ಮಾಡಿ.

ಸರ್ಕಾರದ ವಾದ ಏನಿತ್ತು ಅಂದ್ರೆ, 1.1 ಕೋಟಿ ಜನ ಇದಾರೆ, ಕಾಂಗ್ರೆಸ್ ಕೊಡೋ ದುಡ್ಡಲ್ಲಿ ವರ್ಷಕ್ಕೆ 4 ಲಕ್ಷ ಜನಾನ ಗಡಿಪಾರು ಮಾಡ್ಬೋದು, ಹಂಗಾದ್ರೆ ಯಾರನ್ನ ಮೊದ್ಲು ಹಿಡೀಬೇಕು ಅಂತ ಯಾರಾದ್ರೂ ತೀರ್ಮಾನ ಮಾಡ್ಲೇಬೇಕಲ್ಲ. ಇದು ಸರಿಯಾದ ಮಾತೇ. ಹೆಲ್ಮೆಟ್ ಹಾಕ್ದೆ ಇರೋ ಎಲ್ಲಾರ್ನೂ ಟ್ರಾಫಿಕ್ ಪೊಲೀಸ್ ಹಿಡಿಯೋಕಾಗಲ್ಲ, ಅದನ್ನ ಯಾರೂ ತಪ್ಪು ಅನ್ನಲ್ಲ. ಆದ್ರೆ ಪೊಲೀಸಪ್ಪ ಸ್ಟೇಷನ್ ಮುಂದೆ ಟೇಬಲ್ ಹಾಕಿ, ಇಂಥಿಂಥ ಏರಿಯಾದೋರು 465 ಕಟ್ಟಿದ್ರೆ ಮೂರು ವರ್ಷ ಹೆಲ್ಮೆಟ್ ಇಲ್ದೆ ಓಡಾಡ್ಬೋದು ಅಂತ ಕಾರ್ಡ್ ಕೊಡೋಕೆ ಶುರು ಮಾಡಿದ್ರೆ? (465 ಡಾಲರ್ ಅನ್ನೋದು ಆಗ ಡಾಕಾ ಅರ್ಜಿಯ ಫೀಸು, ನಾನು ಸುಮ್ನೆ ಹಾಕಿದ್ದಲ್ಲ.) ಹಿಡೀದೆ ಬಿಡೋದಕ್ಕೂ ಬಿಟ್ಟಿದೀನಿ ಅಂತ ಕಾರ್ಡ್ ಕೊಡೋದಕ್ಕೂ ಇರೋ ವ್ಯತ್ಯಾಸದ ಮೇಲೇ ಈ ಇಡೀ ಕೇಸ್ ನಿಂತಿರೋದು. ಅದ್ರ ಮೇಲೆ ನವೆಂಬರ್ 25ಕ್ಕೆ ಶಿಕಾಗೋದಲ್ಲಿ ಗಲಾಟೆ ಮಾಡ್ತಿದ್ದ ಜನಕ್ಕೆ ಸಮಾಧಾನ ಮಾಡೋಕೆ ಹೋಗಿ ಒಬಾಮಾ "ನಾನೀಗ ತಾನೇ ಕಾನೂನು ಬದಲಾಯಿಸೋ ಕ್ರಮ ತಗೊಂಡೆ" ಅಂದ್ಬಿಟ್ರು. ಅವ್ರ ವಕೀಲರು ಅದೇ ಹೊತ್ತಲ್ಲಿ ಕಾನೂನು ಒಂಚೂರೂ ಬದಲಾಗಿಲ್ಲ ಅಂತ ಹೇಳ್ತಿದ್ರು, ಪಾಪ. ಆ ಒಂದು ವಾಕ್ಯ ಮುಂದೆ ಕೋರ್ಟ್ ತೀರ್ಪಲ್ಲೂ ಬಂತು.

ಈಗ ಅದನ್ನ ತಡೆಯೋಕೆ ಹೊರಟ ಬಿಲ್ಲುಗಳ ಕಥೆ.

ಮೊದಲ್ನೇದು ಫ್ಲೋರಿಡಾದ ಟೆಡ್ ಯೋಹೋ ತಂದಿದ್ದು, ಎಚ್‌ಆರ್ 5759. ನನ್ನ ಪ್ರಕಾರ ಇದ್ದಿದ್ರಲ್ಲಿ ನೇರವಾದ ಬಿಲ್ ಇದೇ. ದೇಶದಲ್ಲಿ ಅಕ್ರಮವಾಗಿ ಇರೋ ಒಂದು ಇಡೀ ವರ್ಗಕ್ಕೆ ಗಡಿಪಾರಿನಿಂದ ವಿನಾಯಿತಿ ಕೊಡೋ ಅಧಿಕಾರ ಅಧ್ಯಕ್ಷರಿಗಿಲ್ಲ, ಕೊಟ್ರೆ ಅದು ಶೂನ್ಯ, ಮತ್ತೆ ಈ ಕಾಯ್ದೆ ನವೆಂಬರ್ 20ರಿಂದಲೇ ಜಾರಿಲಿತ್ತು ಅಂತ ತಿಳ್ಕೊಳ್ಳೋದು. ಪ್ರಾಣಾಪಾಯ ಇರೋ ಮಾನವೀಯ ಸಂದರ್ಭಕ್ಕೆ ಒಂಚೂರು ಜಾಗ ಬಿಟ್ಟಿದ್ರು. ಡಿಸೆಂಬರ್ 4ಕ್ಕೆ 219-197ರಲ್ಲಿ ಹೌಸ್‌ನಲ್ಲಿ ಪಾಸಾಯ್ತು. ಆದ್ರೆ ಆ ಕಾಂಗ್ರೆಸ್ ಅವಧಿ ಮುಗಿಯೋಕೆ ಕೆಲವೇ ವಾರ ಬಾಕಿ, ಸೆನೆಟ್ ಇನ್ನೂ ಡೆಮೊಕ್ರಾಟರ ಕೈಲಿ, ಬಿಲ್ ಅಲ್ಲೇ ಸತ್ತೋಯ್ತು. ಎಲ್ಲಾರ್ಗೂ ಗೊತ್ತಿತ್ತು ಸಾಯತ್ತೆ ಅಂತ. ಕಾರ್ಯಕರ್ತರಿಗೆ ಕೋಪ ಹೊರಗೆ ಹಾಕೋಕೆ ಒಂದು ಜಾಗ ಬೇಕಿತ್ತು, ಅಷ್ಟೇ.

ನಿಜವಾದ ಪ್ಲಾನ್ ಬೇರೆ ಇತ್ತು. ಡಿಸೆಂಬರಲ್ಲಿ ಇಡೀ ಸರ್ಕಾರಕ್ಕೆ ಸೆಪ್ಟೆಂಬರ್ ತನಕ ದುಡ್ಡು ಮಂಜೂರು ಮಾಡಿದ್ರು, ಹೋಮ್‌ಲ್ಯಾಂಡ್ ಸೆಕ್ಯುರಿಟಿ ಒಂದಕ್ಕೆ ಮಾತ್ರ 2015 ಫೆಬ್ರವರಿ 27ರ ತನಕ. ಜನವರಿಯಲ್ಲಿ ಸೆನೆಟ್ಟೂ ನಮ್ಮ ಕೈಗೆ ಬರತ್ತೆ, ಆಗ ಇಲಾಖೆ ದುಡ್ಡಿನ ಗಂಟು ಹಿಡ್ಕೊಂಡು ಡಾಪಾ ವಾಪಸ್ ತಗೋ ಅಂತ ಕೂರೋಣ ಅನ್ನೋದು ರಿಪಬ್ಲಿಕನ್ನರ ಲೆಕ್ಕ. ಜನವರಿ 14ಕ್ಕೆ ಹೌಸ್ 3,970 ಕೋಟಿ ಡಾಲರಿನ ಇಲಾಖಾ ಬಜೆಟ್ಟನ್ನ 236-191ರಲ್ಲಿ ಪಾಸ್ ಮಾಡ್ತು, ಅದಕ್ಕೆ ಬಾಲಂಗೋಚಿಗಳು. ಆಡರ್‌ಹೋಲ್ಟ್ ತಂದ ತಿದ್ದುಪಡಿ ನವೆಂಬರ್ ಮೆಮೊಗಳಿಗೆ ಒಂದು ಪೈಸೆನೂ ಬಳಸಬಾರದು ಅಂತ, 237-190. ಬ್ಲ್ಯಾಕ್‌ಬರ್ನ್ ತಂದಿದ್ದು 2012ರ ಡಾಕಾನೂ ನಿಲ್ಲಿಸ್ಬೇಕು ಅಂತ, ಅದು 218-209, ಇಲ್ಲಿ 26 ರಿಪಬ್ಲಿಕನ್ನರೇ ಉಲ್ಟಾ ಹಾಕಿದ್ರು. ಸ್ಕೂಲಲ್ಲಿ ಓದ್ತಿರೋ, ಆಗ್ಲೇ ಕಾರ್ಡ್ ಇಟ್ಕೊಂಡಿರೋ ಹುಡುಗರನ್ನ ಹೊರಗೆ ಹಾಕೋದು ಅಂದ್ರೆ ಅವ್ರ ಪಾರ್ಟಿಲೇ ಕೆಲವ್ರಿಗೆ ಕೈ ನಡುಗ್ತು.

ಇಲ್ಲಿ ಒಂದು ನಿಮಿಷ ನಿಲ್ಬೇಕು, ಯಾಕಂದ್ರೆ ಪೂರ್ತಿ ಕೇಸಿನ ಎಡವಟ್ಟು ಇರೋದು ಇಲ್ಲೇ. ಡಾಪಾ ಅರ್ಜಿ ನೋಡೋದು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಒಳಗಿನ ಯುಎಸ್‌ಸಿಐಎಸ್ ಅನ್ನೋ ವಿಭಾಗ, ಅದು ನಡೆಯೋದು ಹೆಚ್ಚುಕಮ್ಮಿ ಪೂರ್ತಿ ಅರ್ಜಿದಾರರ ಫೀಸಿಂದ, ಬಜೆಟ್ ದುಡ್ಡಿಂದ ಅಲ್ಲ. ನಾವು ಎಚ್-1ಬಿ, ಗ್ರೀನ್ ಕಾರ್ಡಿನ ಐ-140 ಅರ್ಜಿ ಅಂತ ಕಟ್ಟಿರೋ ದುಡ್ಡೂ ಅದೇ ಹುಂಡಿಗೆ ಹೋಗಿರೋದು. ಹೌಸ್‌ನ ಅಪ್ರೋಪ್ರಿಯೇಷನ್ಸ್ ಕಮಿಟಿಯವ್ರೇ ನವೆಂಬರಲ್ಲೇ ಇದನ್ನ ಹೇಳಿದ್ರು. ಅದಕ್ಕೇ ತಿದ್ದುಪಡಿಲಿ ಜಾಣತನ ಮಾಡಿ ಫೀಸ್ ದುಡ್ಡನ್ನೂ ಬಳಸಬಾರದು ಅಂತ ಸೇರಿಸಿದ್ರು. ಸರಿ, ಆದ್ರೆ ಆ ಬಾಲಂಗೋಚಿಗೆ ಜೀವ ಬರೋದು ಬಿಲ್ ಪಾಸಾಗಿ ಒಬಾಮಾ ಸಹಿ ಹಾಕಿದ್ರೆ. ಸಹಿ ಬೀಳ್ದೆ ಇದ್ರೆ? ದುಡ್ಡು ನಿಲ್ಲೋದು ಇಲಾಖೆಯ ಮಿಕ್ಕ ಭಾಗಕ್ಕೆ: ಗಡಿ ಕಾಯೋ ಬಾರ್ಡರ್ ಪೆಟ್ರೋಲ್, ಕೋಸ್ಟ್ ಗಾರ್ಡ್, ಏರ್‌ಪೋರ್ಟಲ್ಲಿ ಬ್ಯಾಗ್ ನೋಡೋ ಟಿಎಸ್‌ಎ. ಅಗತ್ಯ ಸೇವೆ ಅಂತ ಅವ್ರು ಡ್ಯೂಟಿ ಮಾಡ್ಬೇಕು, ಸಂಬಳ ಮಾತ್ರ ಇಲ್ಲ. ಅತ್ತ ಯುಎಸ್‌ಸಿಐಎಸ್ ಆರಾಮಾಗಿ ಅರ್ಜಿ ತಗೊಂಡು ಕೂತಿರತ್ತೆ. 2013 ಅಕ್ಟೋಬರಲ್ಲಿ ದುಡ್ಡು ಮಂಜೂರಾಗ್ದೆ ಸರ್ಕಾರ ಬಾಗಿಲು ಹಾಕಿದ ಶಟ್‌ಡೌನಲ್ಲಿ ಹೀಗೇ ಆಗಿತ್ತು, ಯುಎಸ್‌ಸಿಐಎಸ್ ನಡೀತಿತ್ತು, ಅಕ್ರಮ ಕೆಲಸಗಾರರನ್ನ ಪತ್ತೆ ಹಚ್ಚೋ ಇ-ವೆರಿಫೈ ಬಂದ್ ಆಗಿತ್ತು! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅನ್ನೋ ಗಾದೆ ವಾಷಿಂಗ್ಟನ್ನಿಗೆ ಇಷ್ಟು ಚೆನ್ನಾಗಿ ಹೊಂದತ್ತೆ ಅಂತ ನಾನಂದ್ಕೊಂಡಿರ್ಲಿಲ್ಲ. ಅಕ್ರಮ ವಲಸೆ ತಡೀಬೇಕು ಅನ್ನೋ ಪಾರ್ಟಿ ಕೈಲಿ ಇದ್ದ ಬೆದರಿಕೆ ಏನಪ್ಪಾ ಅಂದ್ರೆ ಅಕ್ರಮ ವಲಸೆ ತಡೆಯೋರ ಸಂಬಳ ನಿಲ್ಲಿಸ್ತೀವಿ ಅಂತ.

ಸೆನೆಟಲ್ಲಿ ಚರ್ಚೆಗೆ ತಗೊಳ್ಳೋಕೇ 60 ಮತ ಬೇಕು, ರಿಪಬ್ಲಿಕನ್ನರು ಇದ್ದಿದ್ದು 54. ಫೆಬ್ರವರಿ 3ಕ್ಕೆ 51-48, ಮಾರನೇ ದಿನ 53-47, ಅದರ ಮಾರನೇ ದಿನ 52-47. ಮೂರು ದಿನ, ಒಂದೇ ಬಿಲ್, ಒಂದೇ ಫಲಿತಾಂಶ. ಮೂರ್ನೇ ಸಲ ಏನು ಬದಲಾಗತ್ತೆ ಅಂದ್ಕೊಂಡಿದ್ರೋ ದೇವ್ರಿಗೇ ಗೊತ್ತು.

ಈ ಹೊತ್ತಿಗೆ ಟೆಕ್ಸಾಸ್ ಬೇರೆ ಬಾಗಿಲು ತಟ್ಟಿತ್ತು. ಡಿಸೆಂಬರ್ 3ಕ್ಕೆ ಬ್ರೌನ್ಸ್‌ವಿಲ್ ಅನ್ನೋ ಗಡಿ ಊರಿನ ಫೆಡರಲ್ ಕೋರ್ಟಲ್ಲಿ ಕೇಸ್ ಹಾಕಿದ್ರು, ಮೊದ್ಲು 17 ರಾಜ್ಯ, ಆಮೇಲೆ 26. ಜಡ್ಜ್ ಆಂಡ್ರೂ ಹೇನನ್, ಸರ್ಕಾರದ ವಲಸೆ ನೀತಿ ಬಗ್ಗೆ ಹಿಂದೇನೇ ಖಾರವಾಗಿ ಬರೆದಿದ್ದೋರು, ಅವ್ರ ಕೋರ್ಟನ್ನ ಹುಡುಕ್ಕೊಂಡೇ ಹೋದ್ರು ಅಂತ ಎಲ್ಲಾರ್ಗೂ ಗೊತ್ತು. ಕೇಸ್ ನಿಲ್ಬೇಕಂದ್ರೆ ಟೆಕ್ಸಾಸ್‌ಗೆ ನಷ್ಟ ಆಗಿದೆ ಅಂತ ತೋರಿಸ್ಬೇಕಲ್ಲ, ಅದಕ್ಕೆ ಅವ್ರು ಹಿಡ್ಕೊಂಡಿದ್ದು ಡ್ರೈವಿಂಗ್ ಲೈಸೆನ್ಸ್! ಡಾಪಾ ಸಿಕ್ಕೋರಿಗೆಲ್ಲಾ ರಾಜ್ಯ ಲೈಸೆನ್ಸ್ ಕೊಡ್ಬೇಕಾಗತ್ತೆ, ಒಂದೊಂದಕ್ಕೂ ಕನಿಷ್ಠ 130 ಡಾಲರ್ 89 ಸೆಂಟ್ ಕೈಯಿಂದ ಹೋಗತ್ತೆ ಅಂತ. ಸಂವಿಧಾನ, ಅಧಿಕಾರ ವಿಭಜನೆ ಅಂತ ದೊಡ್ಡ ದೊಡ್ಡ ಮಾತಾಡಿದ ಮೊಕದ್ದಮೆಗೆ ಕೊನೆಗೆ ಊರುಗೋಲಾಗಿದ್ದು ಈ 130 ಡಾಲರ್.

ಫೆಬ್ರವರಿ 16ರ ರಾತ್ರಿ ಹೇನನ್ ತಡೆಯಾಜ್ಞೆ ಕೊಟ್ರು, 123 ಪುಟ. ಹಿಗ್ಗಿಸಿದ ಡಾಕಾಗೆ ಅರ್ಜಿ ತಗೊಳ್ಳೋದು 18ಕ್ಕೆ ಶುರುವಾಗ್ಬೇಕಿತ್ತು, ಡಾಪಾಗೆ ಮೇನಲ್ಲಿ. ನಮ್ಮ ಅಪಾರ್ಟ್‌ಮೆಂಟ್ ಹತ್ರ ಟ್ಯಾಕ್ಸ್ ಫೈಲ್ ಮಾಡಿಕೊಡೋ ಒಂದು ಸಣ್ಣ ಅಂಗಡಿ ಇತ್ತು, ಜನವರಿಯಿಂದಲೇ ಬಾಗಿಲಿಗೆ ಸ್ಪ್ಯಾನಿಷ್‌ನಲ್ಲಿ ಡಾಪಾ ಬೋರ್ಡ್, ಸಂಜೆ ಆದ್ರೆ ಒಳಗೆ ಜನ ಹಳೇ ಬಾಡಿಗೆ ರಸೀದಿ, ಮಕ್ಕಳ ಸ್ಕೂಲ್ ಕಾಗದ, ಕರೆಂಟ್ ಬಿಲ್ ಎಲ್ಲಾ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಂಡು ಕೂತಿರೋರು, 2010ರಿಂದ ಇಲ್ಲೇ ಇದೀವಿ ಅಂತ ತೋರಿಸ್ಬೇಕಲ್ಲ. ಇಷ್ಟು ವರ್ಷ ಎಲ್ಲೂ ಹೆಸ್ರು ಬೀಳದ ಹಾಗೆ ಬದುಕಿದೋರು ಈಗ ಹೆಸ್ರಿರೋ ಕಾಗದ ಹುಡುಕ್ತಿದ್ರು. ಹಿಗ್ಗಿಸಿದ ಡಾಕಾಗೆ ಎರಡು ದಿನ, ಡಾಪಾಗೆ ಮೂರು ತಿಂಗ್ಳು ಬಾಕಿ ಇರೋವಾಗ ಎರಡೂ ನಿಂತೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂದ್ರೆ ಇದೇ.

ತೀರ್ಪಲ್ಲಿ ಗಮನಿಸ್ಬೇಕಾದ್ದು, ಹೇನನ್ ಸಂವಿಧಾನದ ಪ್ರಶ್ನೆಗೆ ಕೈ ಹಾಕ್ಲೇ ಇಲ್ಲ. ಅವ್ರು ಹೇಳಿದ್ದು ಇಷ್ಟೇ: ಇದು ಅಧಿಕಾರಿಗಳಿಗೆ ಕೊಟ್ಟ ಸಲಹೆ ಅಲ್ಲ, ಎಲ್ಲಾರ್ಗೂ ಅನ್ವಯ ಆಗೋ ನಿಯಮ, ಡಾಕಾದಲ್ಲಿ ತಿರಸ್ಕಾರ ಆಗಿದ್ದು 5 ಪರ್ಸೆಂಟ್ ಆಸುಪಾಸು ಮಾತ್ರ, ಒಂದೊಂದು ಕೇಸನ್ನೂ ನೋಡಿ ತೀರ್ಮಾನ ಮಾಡ್ತೀವಿ ಅನ್ನೋದು ಬಾಯಿಮಾತು, ನಿಯಮ ಅಂದ್ಮೇಲೆ ಮೊದ್ಲು ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕೇಳ್ಬೇಕಿತ್ತು, ಕೇಳಿಲ್ಲ. ನಮ್ಮ ಗೆಜೆಟಲ್ಲಿ ಆಕ್ಷೇಪಣೆ ಇದ್ರೆ ಮೂವತ್ತು ದಿನದೊಳಗೆ ತಿಳಿಸಿ ಅಂತ ಬರತ್ತಲ್ಲ, ಅದೇ ಥರ.

ಕೋರ್ಟ್ ಹೀಗೆ ತಡೆಯಾಜ್ಞೆ ಕೊಟ್ಟಿದ್ದು ರಿಪಬ್ಲಿಕನ್ ನಾಯಕರಿಗೆ ಬಜೆಟ್ ಜಗಳದಿಂದ ಹೊರಗೆ ಬರೋಕೆ ಬಾಗಿಲು ತೆರೆದ ಹಾಗಾಯ್ತು, ಆದ್ರೆ ಹೌಸ್‌ನಲ್ಲಿ ಗಟ್ಟಿ ಗುಂಪು ಒಪ್ಲಿಲ್ಲ. ಫೆಬ್ರವರಿ 23ಕ್ಕೆ ಸೆನೆಟಲ್ಲಿ ನಾಲ್ಕನೇ ಸಲ ಸೋತ ಮೇಲೆ ಅಲ್ಲಿನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಬಾಲಂಗೋಚಿ ಕತ್ತರಿಸಿ ಬಜೆಟ್ಟನ್ನ ಮಾತ್ರ 27ಕ್ಕೆ 68-31ರಲ್ಲಿ ಪಾಸ್ ಮಾಡಿಸಿದ್ರು. ಅದೇ ಶುಕ್ರವಾರ ಬೇನರ್ ಮೂರು ವಾರದ ಗಡುವು ಕೇಳಿದ್ರೆ ಅವ್ರದ್ದೇ 52 ಜನ ತಿರುಗಿಬಿದ್ದು 203-224ಕ್ಕೆ ಬಿದ್ದೋಯ್ತು, ಮಧ್ಯರಾತ್ರಿಗೆ ಶಟ್‌ಡೌನ್ ಆಗೋದಿತ್ತು, ರಾತ್ರಿ ಹತ್ತರ ಸುಮಾರಿಗೆ ಒಂದು ವಾರದ ವಿಸ್ತರಣೆ 357-60ರಲ್ಲಿ ಪಾಸಾಗಿ ತಪ್ತು. ಇಲಾಖೆ ಸಂಬಳಕ್ಕೆ ವಾರಕ್ಕೊಂದು ಚೀಟಿ, ಕಿರಾಣಿ ಅಂಗಡಿ ಸಾಲದ ಪುಸ್ತಕದ ಥರ. ಮಾರ್ಚ್ 3ಕ್ಕೆ ಬಾಲ ಇಲ್ಲದ ಬಜೆಟ್ 257-167. ಹೌದು ಅಂದ ರಿಪಬ್ಲಿಕನ್ನರು 75, ಮಿಕ್ಕ 182 ಡೆಮೊಕ್ರಾಟರು. ಸ್ಪೀಕರ್ ತಮ್ಮ ಪಾರ್ಟಿ ಬಿಲ್ಲನ್ನ ಎದುರು ಪಾರ್ಟಿ ಮತದಲ್ಲಿ ಮುಗಿಸಿದ್ರು, ಸೆಪ್ಟೆಂಬರಲ್ಲಿ ರಾಜೀನಾಮೆ ಘೋಷಿಸಿದ್ರು.

ಈಗ ನಮ್ಮ ಮನೆ ಕಥೆಗೆ ಬರ್ತೀನಿ, ಯಾಕಂದ್ರೆ ಈ ಕೇಸ್ ಅರ್ಥ ಆಗಿದ್ದೇ ಅದ್ರಿಂದ. ಗ್ರೀನ್ ಕಾರ್ಡ್ ದಾರಿಲಿ ಇರೋರ ಎಚ್-4 ಸಂಗಾತಿಗೆ ಕೆಲ್ಸದ ಪರ್ಮಿಟ್ ಕೊಡೋದೂ ಒಬಾಮಾರ ಅದೇ ನವೆಂಬರ್ ಪಟ್ಟಿಲಿ ಇತ್ತು. ಆದ್ರೆ ಅದು ಮೆಮೊ ದಾರಿಲಿ ಬರ್ಲಿಲ್ಲ. 2014 ಮೇನಲ್ಲೇ ಕರಡು ಪ್ರಕಟ ಆಗಿತ್ತು, ಸಾವಿರಾರು ಜನ ಅಭಿಪ್ರಾಯ ಬರೆದ್ರು, ನನ್ ಹೆಂಡ್ತಿನೂ ಒಂದು ರಾತ್ರಿ ಕೂತು ಬರೆದು ಹಾಕಿದ್ಲು, ಇದನ್ನೆಲ್ಲಾ ಯಾರು ಓದ್ತಾರೆ ಅಂತ ನಾನು ನಕ್ಕಿದ್ದೆ. 2015 ಫೆಬ್ರವರಿ 25ಕ್ಕೆ, ಅಂದ್ರೆ ಹೇನನ್ ಡಾಪಾ ನಿಲ್ಲಿಸಿ ಒಂಬತ್ತು ದಿನಕ್ಕೆ, ಅಂತಿಮ ನಿಯಮ ಗೆಜೆಟಲ್ಲಿ ಬಂತು. ಜಾರಿ ಮೇ 26ಕ್ಕೆ. ಅದೇ ಮೇ 26ರಂದು ನ್ಯೂ ಆರ್ಲಿಯನ್ಸ್‌ನ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಡಾಪಾ ತಡೆಯಾಜ್ಞೆ ತೆರವು ಮಾಡಲ್ಲ ಅಂತ 2-1ರಲ್ಲಿ ಹೇಳ್ತು. ಒಂದೇ ಇಲಾಖೆ, ಒಂದೇ ಅಧ್ಯಕ್ಷ, ಒಂದೇ ಪಟ್ಟಿ, ಒಂದೇ ದಿನ.

ಹಾಗಂತ ಬರೀ ಕರಡು ಪ್ರಕಟಿಸದ್ದೇ ತಪ್ಪು ಅಂದ್ರೆ ಪೂರ್ತಿ ಸತ್ಯ ಆಗಲ್ಲ. ನವೆಂಬರ್ 9ಕ್ಕೆ ಅದೇ ಮೇಲ್ಮನವಿ ಕೋರ್ಟು ಮತ್ತೆ 2-1ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು, ವಲಸೆ ಕಾಯ್ದೆಲಿ ಯಾರಿಗೆ ಏನು ಸಿಗ್ಬೇಕು ಅಂತ ಕಾಂಗ್ರೆಸ್ ಇಷ್ಟು ವಿವರವಾಗಿ ಬರೆದಿರೋವಾಗ ಲಕ್ಷಾಂತರ ಜನಕ್ಕೆ ಹೊಸ ಸ್ಥಾನಮಾನ ಸೃಷ್ಟಿ ಮಾಡೋಕೆ ಇಲಾಖೆಗೆ ಅಧಿಕಾರ ಇಲ್ಲ ಅಂತ. ಎಚ್-4 ಪರ್ಮಿಟ್ ಮೇಲೂ ಇದೇ ಅಧಿಕಾರದ ಪ್ರಶ್ನೆ ಎತ್ತಿ ಕ್ಯಾಲಿಫೋರ್ನಿಯಾದ ಕೆಲ ಐಟಿ ಉದ್ಯೋಗಿಗಳು 2015 ಏಪ್ರಿಲಲ್ಲಿ ಕೇಸ್ ಹಾಕಿದ್ರು, ಅದು ವರ್ಷಗಟ್ಟಲೆ ಎಳೆದು 2024 ಆಗಸ್ಟಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು ನಿಯಮ ಸರಿ ಅಂತು. ಸರಿಯಾದ ದಾರಿಲಿ ಬಂದಿದ್ದಕ್ಕೆ ಕೋರ್ಟಲ್ಲಿ ಹೋರಾಡೋ ವರ್ಷಗಳಾದ್ರೂ ಸಿಕ್ವು, ಅಲ್ಲಿ ತನಕ ಜನ ಕೆಲ್ಸ ಮಾಡ್ತಾ ಇದ್ರು. ಡಾಪಾ ಒಂದು ದಿನವೂ ಉಸಿರಾಡ್ಲಿಲ್ಲ.

ಸರ್ಕಾರಿ ವಕೀಲರ ಪಾಡೂ ಹೇಳ್ಬೇಕು. ಹಿಗ್ಗಿಸಿದ ಡಾಕಾ ಫೆಬ್ರವರಿ ತನಕ ಶುರುವಾಗಲ್ಲ ಅಂತ ಹೇನನ್ ಮುಂದೆ ಹೇಳಿದ್ರು, ಆದ್ರೆ ಇಲಾಖೆ ನವೆಂಬರಿಂದಲೇ ಹಳೇ ಡಾಕಾದೋರ ರಿನ್ಯೂವಲ್ಲಿಗೆ ಮೂರು ವರ್ಷದ ಕಾರ್ಡ್ ಕೊಡ್ತಿತ್ತು, ಲಕ್ಷಕ್ಕೂ ಹೆಚ್ಚು ಕೊಟ್ಟಾಗಿತ್ತು, ತಡೆಯಾಜ್ಞೆ ಆದ್ಮೇಲೂ ಸುಮಾರು ಎರಡು ಸಾವಿರ ಹೋಗ್ಬಿಟ್ವು. ಆ ಕಾರ್ಡ್‌ಗಳನ್ನ ವಾಪಸ್ ಇಸ್ಕೊಳ್ಳೋಕೆ ಇಲಾಖೆಯೋರು ಮನೆ ಮನೆಗೆ ಹೋದ್ರು. ಜಡ್ಜ್ ಸಿಟ್ಟಾಗಿ 2016ರಲ್ಲಿ ನ್ಯಾಯ ಇಲಾಖೆ ವಕೀಲರಿಗೆ ನೀತಿ ಪಾಠದ ಕ್ಲಾಸಿಗೆ ಹೋಗಿ ಅಂತ ಆದೇಶ ಮಾಡಿದ್ರು.

ಕೊನೆಗೆ ಸುಪ್ರೀಂ ಕೋರ್ಟು. 2016 ಫೆಬ್ರವರಿಯಲ್ಲಿ ಜಸ್ಟಿಸ್ ಸ್ಕಾಲಿಯಾ ತೀರ್ಕೊಂಡಿದ್ರು, ಉಳಿದೋರು ಎಂಟು. ಹೌಸ್ ಬಿಲ್ಲಲ್ಲಿ ಆಗ್ದೆ ಇದ್ದಿದ್ದನ್ನ ವಾದದಲ್ಲಾದ್ರೂ ಗೆಲ್ಲೋಣ ಅಂತ ಮಾರ್ಚಲ್ಲಿ 234-186 ಮತ ಹಾಕಿ ಕೋರ್ಟಿಗೆ ತನ್ನ ಅಭಿಪ್ರಾಯ ಸಲ್ಲಿಸ್ತು, ಏಪ್ರಿಲ್ 18ರ ವಾದದಲ್ಲಿ 15 ನಿಮಿಷ ಸಿಕ್ತು. ಜೂನ್ 23ಕ್ಕೆ ಬಂದ ತೀರ್ಪು ಇಂಗ್ಲಿಷಲ್ಲಿ ಒಂಬತ್ತೇ ಪದ, ಕೋರ್ಟ್ ಸಮಸಮ ಆಗಿರೋದ್ರಿಂದ ಕೆಳಗಿನ ತೀರ್ಪು ಊರ್ಜಿತ ಅಂತ. ಯಾರು ಯಾವ ಕಡೆ, ಯಾಕೆ, ಏನೂ ಇಲ್ಲ. ಅಧ್ಯಕ್ಷರ ಅಧಿಕಾರಕ್ಕೆ ಗೆರೆ ಎಳೀತೀವಿ ಅಂತ ಹೌಸ್ ಪಾಸ್ ಮಾಡಿದ ಒಂದು ಬಿಲ್ಲೂ ಕಾಯ್ದೆ ಆಗ್ಲಿಲ್ಲ, ಸುಪ್ರೀಂ ಕೋರ್ಟೂ ಗೆರೆ ಎಳೀಲಿಲ್ಲ. ಅದಕ್ಕೇ ಡಾಕಾ ಇವತ್ತಿಗೂ ಕೋರ್ಟಿಂದ ಕೋರ್ಟಿಗೆ ಅಲೀತಿರೋದು.

ಡಾಪಾ ಮೆಮೊ ವಾಪಸ್ ಆಗಿದ್ದು 2017 ಜೂನ್ 15ಕ್ಕೆ, ಡಾಕಾ ಘೋಷಣೆ ಆಗಿ ಸರಿಯಾಗಿ ಐದು ವರ್ಷದ ದಿನ, ಆಗ ಅದು ಯಾರಿಗೂ ಸುದ್ದಿ ಅನ್ನಿಸ್ಲೂ ಇಲ್ಲ. ನನ್ ಹೆಂಡ್ತಿಗೆ ಕಾರ್ಡ್ ಬಂದಿದ್ದು 2015ರ ಸೆಪ್ಟೆಂಬರಲ್ಲಿ, ಗಣೇಶನ ಹಬ್ಬದ ವಾರ. ಕೆಲ್ಸಕ್ಕೆ ಸೇರಿದ ಮೊದಲ ವರ್ಷದ ಟ್ಯಾಕ್ಸ್ ಫೈಲ್ ಮಾಡೋಕೆ ಅದೇ ಸಣ್ಣ ಅಂಗಡಿಗೆ ಹೋಗಿದ್ವಿ. ಬಾಗಿಲಿಂದ ಡಾಪಾ ಬೋರ್ಡ್ ತೆಗೆದಿದ್ರು, ಗಾಜಿನ ಮೇಲೆ ಟೇಪಿನ ನಾಲ್ಕು ಗುರುತು ಇತ್ತು, ಪಕ್ಕದಲ್ಲಿ ಚಿಕ್ಕದಾಗಿ ಡಾಕಾ ರಿನ್ಯೂವಲ್ ಅಂತ ಬರೆದು ಅಂಟಿಸಿದ್ರು.